ಕಾಲಡಿಯ ಹಲಗೆ ತಿರುಗುವುದು ಹೇಗೆ?

ನಾಲ್ಕು ಗಾಲಿಗಳ ಹಲಗೆಯ ಮೇಲೆ ನಿಂತ ಹುಡುಗ ಮೇಲಕ್ಕೆ ನೆಗೆಯುತ್ತಾನೆ. ಅವನೊಂದಿಗೆ ಹಲಗೆಯೂ ನೆಗೆಯುತ್ತದೆ. ಗಾಳಿಯಲ್ಲಿ ಅದು ಉದ್ದುದ್ದಕ್ಕೆ ಒಂದು ಪೂರ್ಣ ಸುತ್ತು ಉರುಳಿ, ಮತ್ತೆ ಅವನ ಕಾಲಡಿಗೇ ಬರುತ್ತದೆ. ಕಾಲಿಗೂ ಹಲಗೆಗೂ ಬೆಲ್ಟಿಲ್ಲ, ದಾರವಿಲ್ಲ, ಅಂಟೂ ಇಲ್ಲ. ಹಾಗಾದರೆ ಇದು ಹೇಗೆ ಸಾಧ್ಯ? ಸ್ಕೇಟ್‌ಬೋರ್ಡ್ ಆಟದಲ್ಲಿ ‘ಕಿಕ್‌ಫ್ಲಿಪ್’ ಎನ್ನುವ ಈ ಪಟ್ಟಿನ ಹಿಂದಿರುವುದು ನೀವು ತರಗತಿಯಲ್ಲಿ ಓದಿದ ಭೌತಶಾಸ್ತ್ರವೇ.

ಹಲಗೆಯೊಂದಿಗೆ ನೆಲ ಬಿಟ್ಟು ಏಳುವ ಮೂಲ ನೆಗೆತಕ್ಕೆ ‘ಆಲಿ’ ಎಂದು ಹೆಸರು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಫ್ಲಾರಿಡಾದ ಅಲನ್ ಗೆಲ್ಫಾಂಡ್ ಇದನ್ನು ಇಳಿಜಾರು ಗೋಡೆಗಳ ಮೇಲೆ ಮಾಡಿ ತೋರಿಸಿದರು. 1980ರ ದಶಕದ ಆರಂಭದಲ್ಲಿ ರಾಡ್ನಿ ಮಲ್ಲೆನ್ ಇದನ್ನು ಸಮತಟ್ಟಾದ ನೆಲಕ್ಕೆ ತಂದು, ಇಂದಿನ ಕಿಕ್‌ಫ್ಲಿಪ್ಪನ್ನೂ ರೂಪಿಸಿದರು. ಮೊದಮೊದಲು ಅದನ್ನು ‘ಮ್ಯಾಜಿಕ್ ಫ್ಲಿಪ್’ ಎಂದೇ ಕರೆಯುತ್ತಿದ್ದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಬಾರಿಗೆ ಸ್ಪರ್ಧೆಯಾಗಿ ಸೇರಿತು.

ಈಗ ಕ್ರಮವನ್ನು ನೋಡೋಣ. ಹಿಂಗಾಲು ಹಲಗೆಯ ಬಾಲದ ಮೇಲಿರುತ್ತದೆ. ಮುಂಗಾಲು ಮುಂದಿನ ತಿರುಪುಗಳ ಸ್ವಲ್ಪ ಹಿಂದೆ, ಓರೆಯಾಗಿ ಇರುತ್ತದೆ. ಆಟಗಾರ ಬಾಲವನ್ನು ಥಟ್ಟನೆ ನೆಲಕ್ಕೆ ಬಡಿದು ನೆಗೆಯುತ್ತಾನೆ. ಹಲಗೆಯ ಮೂತಿ ಮೇಲೇಳುತ್ತದೆ. ನೆಲಕ್ಕೆ ತಾಗಿದ ಬಾಲವೂ ಪುಟಿಯುತ್ತದೆ. ಹಲಗೆಯ ಮೇಲ್ಮೈಗೆ ಉಪ್ಪುಕಾಗದದಂಥ ಒರಟು ಹಾಳೆ ಅಂಟಿಸಿರುತ್ತಾರೆ. ಮುಂಗಾಲಿನ ಬೂಟು ಅದನ್ನು ಉಜ್ಜುತ್ತಾ ಮೇಲೆ ಜಾರುವಾಗ, ಘರ್ಷಣೆ ಹಲಗೆಯನ್ನು ಎಳೆದುಕೊಂಡು ಬರುತ್ತದೆ. ಇಲ್ಲಿಯವರೆಗೆ ಇದು ಆಲಿ. ಮುಂಗಾಲು ನೇರವಾಗಿ ಜಾರದೆ, ಹಿಮ್ಮಡಿಯ ಕಡೆಯ ಮೂಲೆಯತ್ತ ಓರೆಯಾಗಿ ಜಾರಿ, ಅಂಚನ್ನು ಬೆರಳ ತುದಿಯಿಂದ ಚಿಮ್ಮಿದರೆ ಅದೇ ಕಿಕ್‌ಫ್ಲಿಪ್.

ಹಲಗೆ ಸುಮಾರು 80 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ. ಉದ್ದದ ಅಕ್ಷದ ಸುತ್ತ ಅದರ ದ್ರವ್ಯರಾಶಿ ತೀರಾ ಹತ್ತಿರವಿರುವುದರಿಂದ ಆ ದಿಕ್ಕಿನಲ್ಲಿ ಜಡತೆ ಅತಿ ಕಡಿಮೆ. ಸಣ್ಣ ಚಿಮ್ಮುವಿಕೆಗೇ ಅದು ಬಿರುಸಾಗಿ ಸುತ್ತುತ್ತದೆ. ಸುತ್ತುವಾಗ ಅಡ್ಡಾದಿಡ್ಡಿ ತೊನೆಯುವುದೂ ಇಲ್ಲ. ಇನ್ನು, ಗಾಳಿಯಲ್ಲಿರುವ ಹುಡುಗನ ಮೇಲೂ ಹಲಗೆಯ ಮೇಲೂ ಗುರುತ್ವದ ವೇಗೋತ್ಕರ್ಷ ಒಂದೇ. ಇಬ್ಬರೂ ಒಂದೇ ರೀತಿ ಬೀಳುವುದರಿಂದಲೇ ಹಲಗೆ ಅವನ ಕಾಲಡಿಯಲ್ಲಿ ಉಳಿಯುತ್ತದೆ.

ಸಮಯ ಎಷ್ಟು ಸಿಗುತ್ತದೆ? 20 ಸೆಂಟಿಮೀಟರ್ ನೆಗೆದವನು ಮೇಲೇರಲು 0.2 ಸೆಕೆಂಡು, ಇಳಿಯಲು ಅಷ್ಟೇ, ಒಟ್ಟು 0.4 ಸೆಕೆಂಡು. ನಮ್ಮ ಟಿ.ವಿ. ಚಿತ್ರ ಸೆಕೆಂಡಿಗೆ 25 ಫ್ರೇಮು. ಅಂದರೆ ಇಡೀ ನೆಗೆತ ಕೇವಲ ಹತ್ತು ಫ್ರೇಮು! ಏಳುವುದಕ್ಕೆ ಎರಡು, ಇಳಿಯುವುದಕ್ಕೆ ಎರಡು ಬಿಟ್ಟರೆ ತಿರುಗಲು ಉಳಿಯುವುದು ಆರು. ಈ ಲೆಕ್ಕದಲ್ಲಿ ಹಲಗೆಯ ವೇಗ ನಿಮಿಷಕ್ಕೆ 250 ಸುತ್ತು. ನಿಮ್ಮ ಮನೆಯ ಸೀಲಿಂಗ್ ಫ್ಯಾನ್ ಮಧ್ಯಮ ವೇಗದಲ್ಲಿ ಹೆಚ್ಚುಕಡಿಮೆ ಹೀಗೆಯೇ ತಿರುಗುತ್ತದೆ.

ಈ ಕಾರ್ಯಕ್ರಮಕ್ಕಾಗಿ ಬೆಂಗಳೂರಿನಲ್ಲಿ ಪಿ.ಯು.ಸಿ. ಓದುವ ಹುಡುಗನೊಬ್ಬನನ್ನು ಚಿತ್ರೀಕರಿಸಿದೆವು. ಮಧ್ಯಾಹ್ನವಿಡೀ ಪ್ರಯತ್ನಿಸಿದರೂ ಅವನಿಗೆ ಸಾಧ್ಯವಾಗಲಿಲ್ಲ. “ಸರ್, ಬೋರ್ಡ್ ಪೂರ್ತಿ ತಿರುಗ್ತಾನೇ ಇಲ್ಲ, ನನ್ನ ಕೈಲಾಗಲ್ಲ ಬಿಡಿ” ಎಂದು ಕುಳಿತುಬಿಟ್ಟ. ನಾವು ಚಿತ್ರವನ್ನು ಒಂದೊಂದೇ ಫ್ರೇಮಾಗಿ ನಡೆಸಿ ತೋರಿಸಿದೆವು. ಎಂಟನೆಯ ಫ್ರೇಮಿನಲ್ಲಿ ಹಲಗೆ ಪೂರ್ತಿ ತಿರುಗಿ, ಗಾಲಿಗಳು ಕೆಳಗಾಗಿ ಸಿದ್ಧವಾಗಿತ್ತು. ಆದರೆ ಅವನ ಹಿಂಗಾಲು ಆಗಲೇ ಪಕ್ಕದ ನೆಲದತ್ತ ಹೊರಟಿತ್ತು. ಹಲಗೆ ತನ್ನ ಕೆಲಸ ಮಾಡಿತ್ತು, ಹೆದರಿದ್ದು ಕಾಲು. ಹುಡುಗ ಪರದೆಯನ್ನೇ ಬಹಳ ಹೊತ್ತು ನೋಡಿದ. ಆ ಸಂಜೆ ಮೊದಲ ಬಾರಿಗೆ ಅವನ ಎರಡೂ ಕಾಲುಗಳು ಹಲಗೆಯ ಮೇಲಿಳಿದವು. ಮರುಕ್ಷಣವೇ ಜಾರಿ ಬಿದ್ದ, ಬಿದ್ದಲ್ಲೇ ನಗುತ್ತಿದ್ದ.

ಹಾಗೆಂದು ಹೆದರಿಕೆ ಸುಳ್ಳಲ್ಲ. ಬೀಳುವಾಗ ಎಲ್ಲರೂ ಕೈ ಊರುತ್ತಾರೆ, ಮಣಿಕಟ್ಟು ಮುರಿಯುವುದು ಆಗಲೇ. ಹೆಲ್ಮೆಟ್, ಮಣಿಕಟ್ಟು ಮತ್ತು ಮಂಡಿಯ ರಕ್ಷೆ ಇಲ್ಲದೆ ಇಳಿಯಬೇಡಿ. ವಾಹನಗಳು ಓಡಾಡುವ ರಸ್ತೆಯಲ್ಲಂತೂ ಬೇಡವೇ ಬೇಡ. ಮೊದಲು ಆಲಿ ಕಲಿಯಿರಿ. ಇಳಿಯುವಾಗ ಮಂಡಿ ಬಾಗಿರಲಿ, ಪಾದಗಳು ತಿರುಪುಗಳ ಮೇಲಿರಲಿ.

ಹಲಗೆ ಇಲ್ಲದವರಿಗೂ ಒಂದು ಪ್ರಯೋಗವಿದೆ. ದಪ್ಪ ಪಠ್ಯಪುಸ್ತಕಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಹಾಸಿಗೆಯ ಮೇಲೆ ನಿಂತು ಉದ್ದದ ಅಕ್ಷದ ಸುತ್ತ ತಿರುಗಿಸಿ ಎಸೆಯಿರಿ, ನೆಟ್ಟಗೆ ಸುತ್ತುತ್ತದೆ. ಈಗ ಅಡ್ಡ ಅಂಚುಗಳನ್ನು ಹಿಡಿದು, ಮೇಲಂಚು ಕೆಳಗಾಗುವಂತೆ ಪಲ್ಟಿ ಹೊಡೆಸಿ. ಅದು ತನ್ನಷ್ಟಕ್ಕೆ ಮಗುಚಿ ಮಗ್ಗುಲು ಬದಲಿಸುತ್ತದೆ. ಮೂರು ಅಕ್ಷಗಳಲ್ಲಿ ಜಡತೆ ಮಧ್ಯಮವಾಗಿರುವ ಅಕ್ಷದ ಸುತ್ತಲಿನ ತಿರುಗಾಟ ಸ್ಥಿರವಲ್ಲ ಎಂಬುದೇ ಇದಕ್ಕೆ ಕಾರಣ. ಮಾಡಿ ನೋಡಿ, ಕಂಡದ್ದನ್ನು ನಮಗೆ ಬರೆದು ತಿಳಿಸಿ.