ಹತ್ತು ನಿಮಿಷದ ಅತಿಥಿ

ಆಕಾಶದಲ್ಲಿ ಸುತ್ತುತ್ತಿರುವ ಕೃತಕ ಉಪಗ್ರಹಗಳೆಲ್ಲವೂ ಸರಕಾರಗಳ ಸೊತ್ತು, ಇಲ್ಲವೆ ಕೋಟ್ಯಧೀಶ ಕಂಪನಿಗಳ ಸೊತ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಸಂಬಳದ ಆಸೆಯಿಲ್ಲದೆ, ಕೇವಲ ಪ್ರೀತಿಯಿಂದ ರೇಡಿಯೋ ಕಟ್ಟುವ ಹವ್ಯಾಸಿಗಳಿಗೂ ಅಲ್ಲಿ ತಮ್ಮವೇ ಆದ ಉಪಗ್ರಹಗಳುಂಟೆಂದರೆ ಅನೇಕರು ನಂಬಲಾರರು. ಅದೂ ನಿನ್ನೆ ಮೊನ್ನೆಯ ಸಂಗತಿಯಲ್ಲ. ಮೊದಲ ಸ್ಪುಟ್ನಿಕ್ ಹಾರಿ ನಾಲ್ಕು ವರ್ಷ ಕಳೆದು ಸ್ವಲ್ಪವೇ ದಿನಗಳಲ್ಲಿ, 1961ರ ಡಿಸೆಂಬರ್ 12ರಂದು, ಕ್ಯಾಲಿಫೋರ್ನಿಯದ ಹವ್ಯಾಸಿಗಳು ತಮ್ಮ ಮನೆಗಳ ಗ್ಯಾರೇಜು ನೆಲಮಾಳಿಗೆಗಳಲ್ಲಿ ಕಟ್ಟಿದ 'ಆಸ್ಕರ್-1' ಎಂಬ ಪುಟ್ಟ ಉಪಗ್ರಹ ಮೇಲೇರಿತು. ರಾಕೆಟ್ಟಿನ ತೂಕ ಸರಿದೂಗಿಸಲು ಇಡುತ್ತಿದ್ದ ಲೋಹದ ಗಟ್ಟಿಯೊಂದನ್ನು ತೆಗೆದು, ಆ ಜಾಗದಲ್ಲಿ ಇದನ್ನು ಕೂರಿಸಿದ್ದರು! ತೂಕ ನಾಲ್ಕೂವರೆ ಕಿಲೋ. ಪ್ರಸಾರ ಶಕ್ತಿ ಒಂದು ವಾಟಿನ ಏಳನೆಯ ಒಂದು ಪಾಲು. ಅದು ಬಲ್ಲ ಮಾತೆಂದರೆ ಮೋರ್ಸ್ ಸಂಕೇತದ 'ಹಾಯ್' ಒಂದೇ—ನಾಲ್ಕು ಚುಕ್ಕೆ, ಮತ್ತೆ ಎರಡು ಚುಕ್ಕೆ. ಹವ್ಯಾಸಿಗಳ ಪರಿಭಾಷೆಯಲ್ಲಿ ಇದು ನಗುವಿನ ಗುರುತೂ ಹೌದು. ಮೂರು ವಾರಗಳ ಕಾಲ ಆಗಸದಿಂದ ಉದುರಿದ ಆ ನಗುವನ್ನು 28 ದೇಶಗಳ ಹವ್ಯಾಸಿಗಳು ಕೇಳಿ ವರದಿ ಬರೆದರು.

ಈ ಸಾಹಸದಲ್ಲಿ ನಮ್ಮ ನಾಡಿಗೂ ಪಾಲುಂಟು. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ರೂಪುಗೊಂಡ 42.5 ಕಿಲೋ ತೂಕದ 'ಹ್ಯಾಮ್‌ಸ್ಯಾಟ್' 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಹಾರಿತು. ಎರಡು ವರ್ಷ ಬಾಳಿದರೆ ಸಾಕೆಂದು ಕಟ್ಟಿದ್ದು ಒಂಬತ್ತು ವರ್ಷ ದುಡಿದು, 2014ರ ಜುಲೈಯಲ್ಲಿ ಬ್ಯಾಟರಿ ಕೈಕೊಟ್ಟ ಮೇಲೆ ಮೌನವಾಯಿತು. ಅಷ್ಟು ಕಾಲವೂ ಅದು ದೇಶಭೇದವೆಣಿಸದೆ ಜಗತ್ತಿನ ಹವ್ಯಾಸಿಗಳೆಲ್ಲರ ಮಾತನ್ನು ಹೊತ್ತಿತು.

ಇಂಥ ಉಪಗ್ರಹ ಮಾಡುವುದಾದರೂ ಏನು? ಕೆಳಗಿನಿಂದ ಒಂದು ಆವರ್ತಾಂಕದಲ್ಲಿ ಬಂದ ದನಿಯನ್ನು ಹಿಡಿದು, ಇನ್ನೊಂದು ಆವರ್ತಾಂಕದಲ್ಲಿ ಮರಳಿ ಭೂಮಿಗೆ ಸುರಿಯುತ್ತದೆ, ಅಷ್ಟೆ. ಆದರೆ ಆ ಎತ್ತರದಿಂದ ಸುರಿದ ದನಿ ಸಾವಿರಾರು ಕಿಲೋಮೀಟರು ಹರಡುತ್ತದೆ. ನೆಲದ ಮೇಲೆ ಊರ ಗುಡ್ಡ ದಾಟಲು ತಿಣುಕುವ ಐದು ವಾಟಿನ ಕೈ ಸಲಕರಣೆ, ಉಪಗ್ರಹದ ಹೆಗಲೇರಿ ಬೆಂಗಳೂರಿನಿಂದ ದಿಲ್ಲಿಯನ್ನು ಮುಟ್ಟಬಲ್ಲದು.

ಆರಂಭಿಸುವವರು ಮೊದಲು ಕೇಳುವುದನ್ನು ಕಲಿಯತಕ್ಕದ್ದು. ಅದಕ್ಕೆ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಸುಮಾರು 400 ಕಿಲೋಮೀಟರು ಎತ್ತರದಲ್ಲಿ, ಗಂಟೆಗೆ 27,000 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಸುತ್ತುವ ಆ ಮನೆಯಲ್ಲಿ ಹವ್ಯಾಸಿ ರೇಡಿಯೋ ಇದೆ. ಯಾತ್ರಿಗಳು ಶಾಲಾ ಮಕ್ಕಳೊಡನೆ ಮಾತನಾಡುವಾಗ ಅವರ ದನಿ 145.800 ಮೆಗಾಹರ್ಟ್ಸಿನಲ್ಲಿ ಕೆಳಗಿಳಿಯುತ್ತದೆ. ನಮ್ಮ ಶುಭಾಂಶು ಶುಕ್ಲಾ 2025ರ ಜುಲೈ 4ರಂದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದ ಮಕ್ಕಳೊಡನೆ ಮಾತನಾಡಿದ್ದು ಹವ್ಯಾಸಿ ರೇಡಿಯೋವಿನ ಮೂಲಕವೇ. ಹೀಗೆ ಮಕ್ಕಳ ಸಂಭಾಷಣೆ ನಡೆದಿರುವಾಗ ಯಾರು ಬೇಕಾದರೂ ಕಿವಿಗೊಡಬಹುದು. ನಡುವೆ ಬಾಯಿ ಹಾಕುವುದು ಮಾತ್ರ ಅಕ್ಷಮ್ಯ.

ನಿಲ್ದಾಣ ನಮ್ಮ ದಿಗಂತದಲ್ಲಿ ಮೂಡಿ ಮುಳುಗಲು ಹೆಚ್ಚೆಂದರೆ ಹತ್ತು ನಿಮಿಷ. ಅದು ಯಾವ ದಿಕ್ಕಿನಲ್ಲಿ ಎಷ್ಟು ಹೊತ್ತಿಗೆ ಬರುವುದೆಂಬುದನ್ನು ಪಂಚಾಂಗದಂತೆ ಮೊದಲೇ ಲೆಕ್ಕ ಹಾಕಿ ಹೇಳುವ ಉಪಕರಣಗಳು ಈಗ ಪ್ರತಿಯೊಬ್ಬರ ಮೊಬೈಲಿನಲ್ಲೂ ಸಿಕ್ಕುತ್ತವೆ. ಆಂಟೆನಾ ಕೊಳ್ಳಲೇಬೇಕೆಂದಿಲ್ಲ. ಪ್ಲಾಸ್ಟಿಕ್ ಕೊಳವೆಗೆ ಅಳತೆಯ ಟೇಪಿನ ತುಂಡುಗಳನ್ನು ಅಡ್ಡಡ್ಡ ಬಿಗಿದರೆ—ದರ್ಜಿಯ ಟೇಪಲ್ಲ, ಬಡಗಿಯ ಉಕ್ಕಿನ ಟೇಪು—ಸೊಗಸಾದ ಯಾಗಿ ಆಂಟೆನಾ ಸಿದ್ಧ. ಅದನ್ನು ಕೈಯಲ್ಲಿ ಹಿಡಿದು ಮಾಳಿಗೆಯ ಮೇಲೆ ನಿಂತು ಉಪಗ್ರಹ ಸಾಗುವತ್ತ ತಿರುಗಿಸುತ್ತ ಹೋಗಬೇಕು. ದನಿ ಕುಗ್ಗಿದಾಗ ಮಣಿಕಟ್ಟನ್ನು ಹೊರಳಿಸಿ ನೋಡಬೇಕು. ಉಪಗ್ರಹ ಉರುಳುತ್ತ ಹೋಗುವುದರಿಂದ ತರಂಗದ ವಾಲುವಿಕೆಯೂ ಬದಲಾಗುತ್ತಿರುತ್ತದೆ. ನೆರೆಮನೆಯವರು ಒಂದೆರಡು ದಿನ ವಿಚಿತ್ರವಾಗಿ ನೋಡಿಯಾರು. ಮೂರನೆಯ ದಿನ ಅವರ ಮಕ್ಕಳು ನಿಮ್ಮ ಮಾಳಿಗೆಯಲ್ಲಿರುತ್ತಾರೆ.

ಇನ್ನೊಂದು ತೊಡಕುಂಟು. ಹತ್ತಿರ ಬರುವ ರೈಲಿನ ಸೀಟಿ ಕೀರಲಾಗಿಯೂ ದೂರ ಸರಿಯುವ ಸೀಟಿ ಮಂದ್ರವಾಗಿಯೂ ಕೇಳುವುದಷ್ಟೆ? ಡಾಪ್ಲರನ ಆ ನಿಯಮವೇ ಇಲ್ಲಿಯೂ ಆಟವಾಡುತ್ತದೆ. 145 ಮೆಗಾಹರ್ಟ್ಸಿನಲ್ಲಿ ವ್ಯತ್ಯಾಸ ಮೂರೂವರೆ ಕಿಲೋಹರ್ಟ್ಸಿನಷ್ಟು, ಸಹಿಸಿಕೊಳ್ಳಬಹುದು. 435ರ ಸುಮಾರಿಗೆ ಅದು ಹತ್ತನ್ನು ಮುಟ್ಟುತ್ತದೆ. ಆದುದರಿಂದ ಉಪಗ್ರಹ ಮೂಡುವಾಗ ಹತ್ತು ಕಿಲೋಹರ್ಟ್ಸ್ ಮೇಲೆ ಆಲಿಸಿ, ಅದು ಸಾಗಿದಂತೆಲ್ಲ ಮೆಟ್ಟಲು ಮೆಟ್ಟಲಾಗಿ ಇಳಿಯಬೇಕು.

ಮಾತನಾಡಲು ಮಾತ್ರ ಪರವಾನಗಿ ಬೇಕೇ ಬೇಕು. ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ನಮ್ಮ ದೇಶದ 'ವಿಯು' ಅಕ್ಷರಗಳಿಂದ ಮೊದಲಾಗುವ ಕರೆಹೆಸರು ದೊರೆಯುತ್ತದೆ. ಕೆಳದರ್ಜೆಯ ಪರೀಕ್ಷೆಗೆ ಮೋರ್ಸ್ ಕಲಿಯಬೇಕಾಗಿಲ್ಲ.

ಇಷ್ಟೆಲ್ಲ ಕೈಗೂಡಿದ ಮೇಲೆ ನಿಜವಾದ ಪರೀಕ್ಷೆ ಆರಂಭ. ಸಾಮಾನ್ಯ ಎಫ್. ಎಂ. ಉಪಗ್ರಹದಲ್ಲಿ ಒಂದು ಸಲಕ್ಕೆ ಒಬ್ಬನಿಗೇ ಅವಕಾಶ. ಇಬ್ಬರು ಕೂಗಿದರೆ ಬಲವಾದವನ ದನಿ ಉಳಿದು ಬಡವನದು ಅಳಿಯುತ್ತದೆ. ಅರ್ಧ ಉಪಖಂಡ ಆ ಹತ್ತು ನಿಮಿಷಕ್ಕಾಗಿ ಕಾದಿರುವಾಗ ಮನೆಯ ಕ್ಷೇಮಸಮಾಚಾರಕ್ಕೆ ಎಡೆಯೆಲ್ಲಿ? ಕರೆಹೆಸರು, ಭೂಪಟದ ಚೌಕದ ಗುರುತು, ವಂದನೆ—ಮುಗಿಯಿತು. ಬೆಂಗಳೂರು ಮೈಸೂರುಗಳೆರಡೂ 'ಎಂಕೆ82' ಚೌಕದಲ್ಲಿವೆ, ಮಂಗಳೂರು 'ಎಂಕೆ72'. ಯಾರೂ ಕೇಳಿಸದಿದ್ದಾಗ ಮತ್ತೆ ಮತ್ತೆ ಕೂಗುವವನಿಗೆ ಹವ್ಯಾಸಿಗಳು ಮೊಸಳೆಯೆಂದು ಅಡ್ಡಹೆಸರಿಟ್ಟಿದ್ದಾರೆ: ಬಾಯಿ ದೊಡ್ಡದು, ಕಿವಿ ಕಾಣದಷ್ಟು ಚಿಕ್ಕದು. ಉಪಗ್ರಹದಿಂದ ಮರಳಿ ಬರುವ ತನ್ನ ದನಿಯನ್ನು ತಾನೇ ಕಿವಿಯಲ್ಲಿ ಕೇಳುತ್ತ ಮಾತನಾಡುವವನು ಮೊಸಳೆಯಾಗಲಾರ. ಆದ್ದರಿಂದಲೇ ಏಕಕಾಲಕ್ಕೆ ಕಳುಹಿಸಿ ಕೇಳುವ ಏರ್ಪಾಡು ಉತ್ತಮವೆನ್ನುತ್ತಾರೆ ಬಲ್ಲವರು.

ಹಲವರು ಒಟ್ಟಿಗೆ ಮಾತನಾಡಬಹುದಾದ ಉಪಗ್ರಹಗಳೂ ಉಂಟು. ಅಲ್ಲಿ ಧರ್ಮ ಇನ್ನಷ್ಟು ಸೂಕ್ಷ್ಮ. ಉಪಗ್ರಹದಲ್ಲಿರುವುದು ಒಂದೇ ಪಾತ್ರೆಯ ಅನ್ನ. ಒಬ್ಬ ಹೆಚ್ಚು ಬಡಿಸಿಕೊಂಡರೆ ಪಂಕ್ತಿಯ ಉಳಿದವರೆಲ್ಲರ ಎಲೆಯೂ ಅಷ್ಟಷ್ಟು ಬರಿದಾಗುತ್ತದೆ. 2018ರ ನವೆಂಬರ್ 15ರಂದು ಹಾರಿದ ಕತಾರಿನ ಎಸ್‌ಹೇಲ್-2 ಉಪಗ್ರಹದಲ್ಲಿ ಹವ್ಯಾಸಿಗಳಿಗೊಂದು ಪಾಲು ಇದೆ. ಅದು 36,000 ಕಿಲೋಮೀಟರು ಎತ್ತರದಲ್ಲಿ ನಿಂತಲ್ಲೇ ನಿಂತಂತೆ ತೋರುತ್ತದೆ. ಬೆಂಗಳೂರಿನಿಂದ ನೋಡಿದರೆ ಪಶ್ಚಿಮದಲ್ಲಿ ದಿಗಂತದಿಂದ ಸುಮಾರು 30 ಡಿಗ್ರಿ ಮೇಲಕ್ಕೆ. ಉಪಗ್ರಹದ ಗುರುತಿನ ಸಂಕೇತಕ್ಕಿಂತ ಜೋರಾಗಿ ಯಾರಾದರೂ ಕೂಗಿದರೆ, ಅವರ ದನಿಯ ಮೇಲೆಯೇ ಸೈರನ್ ಊದುವ ವ್ಯವಸ್ಥೆಯನ್ನು ಅದಕ್ಕೆ ಜೋಡಿಸಿದ್ದಾರೆ. ನಮ್ಮ ಸಭೆಗಳಿಗೂ ಇಂಥದೊಂದು ಬೇಕಾಗಿತ್ತು.

ಸೈರನ್ ಊದಲಾರದ ಮುದಿ ಉಪಗ್ರಹವೊಂದುಂಟು. ನನ್ನ ಮಮತೆಯೆಲ್ಲ ಅದರ ಮೇಲೆ. ಅದೇ ನವೆಂಬರ್ 15ರಂದು, ಆದರೆ 44 ವರ್ಷ ಮೊದಲು, 1974ರಲ್ಲಿ ಹಾರಿದ 'ಆಸ್ಕರ್-7'. 1981ರಲ್ಲಿ ಬ್ಯಾಟರಿ ಒಳಗೊಳಗೇ ಬೆಸೆದುಕೊಂಡು ಅದು ಮಾತು ನಿಲ್ಲಿಸಿತು. ಹವ್ಯಾಸಿಗಳು ಅದನ್ನು ಮರೆತೂಬಿಟ್ಟರು. 21 ವರ್ಷಗಳ ಮೇಲೆ, 2002ರ ಜೂನ್ 21ರಂದು, ಅದರ ಮೋರ್ಸ್ ದನಿ ಮತ್ತೆ ಕೇಳಿಬಂತು! ಸತ್ತ ಬ್ಯಾಟರಿಯ ಬೆಸುಗೆ ತಾನಾಗಿಯೇ ಬಿಟ್ಟುಹೋಗಿ, ಸೂರ್ಯಫಲಕಗಳ ವಿದ್ಯುತ್ತು ನೇರವಾಗಿ ಯಂತ್ರಗಳಿಗೆ ಹರಿದಿತ್ತು. ಅಂದಿನಿಂದ ಅದಕ್ಕೆ ಬಿಸಿಲೇ ಪ್ರಾಣ. ಭೂಮಿಯ ನೆರಳಿಗೆ ಸರಿದಾಗ ಆರಿಹೋಗುವುದು. ಬೆಳಕಿಗೆ ಬಂದಾಗ ಮರಳಿ ಕಣ್ಣು ತೆರೆಯುವುದು. 2024ರ ನವೆಂಬರಿನಲ್ಲಿ ಐವತ್ತು ತುಂಬಿದಾಗಲೂ ಅದು ಬಿಸಿಲಿನಲ್ಲಿ ಮಾತನಾಡುತ್ತಿತ್ತು.

ಕೂಡಿಟ್ಟ ವಿದ್ಯುತ್ತು ಒಂದಿಷ್ಟೂ ಇಲ್ಲದ ಇದರ ಮೇಲೆ ಒಬ್ಬ ದೊಡ್ಡ ಶಕ್ತಿಯಿಂದ ಕೂಗಿದನೆಂದರೆ, ಒಳಗಿನ ಒತ್ತಡ ಕುಸಿದು ಎಲ್ಲರ ದನಿಯೂ ಅಳುವಂತೆ ತೊನೆಯತೊಡಗುತ್ತದೆ. ಕೆಲವೊಮ್ಮೆ ಯಂತ್ರವೇ ಕೈಬಿಟ್ಟು ಮಾತುಕತೆ ಅಲ್ಲಿಗೆ ನಿಲ್ಲುತ್ತದೆ. ಆದುದರಿಂದ ಅದರ ಬಳಿಗೆ ಹೋಗುವವರು ಮೊದಲು ಸುಮ್ಮನೆ ಕೇಳುತ್ತಾರೆ. ಬಳಿಕ ಕಡಿಮೆ ಶಕ್ತಿಯಲ್ಲಿ ಒಂದೆರಡು ಚುಕ್ಕೆ ಕಳುಹಿಸಿ, ತಮ್ಮ ದನಿ ಮರಳಿ ಬಂತೇ ಎಂದು ನೋಡುತ್ತಾರೆ. ತೊನೆಯುವಿಕೆ ಕಂಡರೆ ಶಕ್ತಿಯ ಗುಂಡಿಯನ್ನು ಇನ್ನೂ ಇಳಿಸಿ, ತಮ್ಮ ದನಿ ತಮಗೇ ಮಸುಕಾಗಿ ಕೇಳುವವರೆಗೂ ಇಳಿಸಿ, ಆಮೇಲೆ ತಮ್ಮ ಹೆಸರು ಹೇಳುತ್ತಾರೆ.