ವಾಲ್ಯೂಮ್ ಗುಂಡಿಯನ್ನು ಬಯ್ಯುವ ಮೊದಲು



ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕೂತವಳು ನಾನು. ಓಮ್ ನಿಯಮಕ್ಕೂ ನನಗೂ ಎಸ್ಸೆಸ್ಸೆಲ್ಸಿಯಲ್ಲೇ ಮಾತು ಬಿಟ್ಟುಹೋಗಿತ್ತು. ಅಂಥವಳು ಹಳೇ ಹ್ಯಾಮ್ ರೇಡಿಯೊ ರಿಪೇರಿಯ ಬಗ್ಗೆ ಬರೆಯುತ್ತಿದ್ದಾಳಲ್ಲ ಅಂತ ನಗಬೇಡಿ. ಇದಕ್ಕೆ ಕಾರಣ ಮಾಟುಂಗದ ನಮ್ಮ ಕೇಳುಗರೊಬ್ಬರು. ಮೂಲ ಊರು ಧಾರವಾಡದ ಕಡೆ, ವಯಸ್ಸು 78. ನಾನು ಅವರನ್ನು ಕರೆಯುವುದು ಕಾಕಾ ಅಂತ.

ಕಾಕಾ ಅವರ ತಂದೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊ ಬಳಗದವರು. 1950ರ ದಶಕದಲ್ಲಿ ಅವರು ಕೊಂಡ ಸೆಟ್ಟು ಬಿಸಿ-348. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳಲ್ಲಿದ್ದ ರಿಸೀವರ್ ಇದು. ಯುದ್ಧ ಮುಗಿದ ಮೇಲೆ ಮಿಲಿಟರಿಯ ಹೆಚ್ಚುವರಿ ಸಾಮಾನಾಗಿ ಮಾರಾಟಕ್ಕೆ ಬಂದು ಲೋಕದ ಎಷ್ಟೋ ಹ್ಯಾಮ್‌ಗಳ ಮೇಜು ಸೇರಿತು. ನಮ್ಮ ಬೆಂಗಳೂರಿಗೂ ಆ ವಿಮಾನಗಳ ನಂಟುಂಟು. 1943ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ದುರಸ್ತಿ ಕೇಂದ್ರವಾಗಿತ್ತು. ಯುದ್ಧದ ನಂತರ ಕಾನ್ಪುರದಲ್ಲಿ ಬಿಟ್ಟುಹೋದ ಬಿ-24 ಲಿಬರೇಟರ್‌ಗಳು ಬೆಂಗಳೂರಿನಲ್ಲೇ ರಿಪೇರಿಯಾಗಿ ಭಾರತದ ವಾಯುಪಡೆ ಸೇರಿದವು.

ಎರಡು ವರ್ಷದ ಹಿಂದೆ ಕಾಕಾ ಫೋನು ಮಾಡಿದರು. "ತಂಗೀ, ಸೆಟ್ಟಿಗೆ ವಯಸ್ಸಾತೋ ನನ್ನ ಕಿವಿಗೆ ವಯಸ್ಸಾತೋ ತಿಳೀವಲ್ದು. ವಾಲ್ಯೂಮ್ ತಿರುವಿದ್ರ ಸಾಕು, ಕಡ್ಲಿ ಹುರದಂಗ ಸಪ್ಪಳ ಮಾಡ್ತದ."

ನಮ್ಮ ಸ್ಟುಡಿಯೋದ ಇಂಜಿನಿಯರ್ ಒಬ್ಬರು ಹ್ಯಾಮ್ ಕೂಡ ಹೌದು. ಅವರನ್ನು ಕರೆದುಕೊಂಡು ಬರ್ತೀನಿ ಕಾಕಾ, ಸ್ವಲ್ಪ ತಡೀರಿ ಅಂದೆ. ಕಾಕಾ ತಡೆಯಲಿಲ್ಲ. ಹತ್ತಿರದ ಅಂಗಡಿಗೆ ಸೆಟ್ಟು ಹೋಯಿತು. ಹಳೆಯ ವಾಲ್ಯೂಮ್ ಕಂಟ್ರೋಲು ಕತ್ತರಿಸಿ ಹೊಸದನ್ನು ಹಾಕಿ ಕಳಿಸಿದರು. ಒಂದು ವಾರ ಸದ್ದಿಲ್ಲ. ಎಂಟನೇ ದಿನ ಕರಕರ ಮತ್ತೆ ಹಾಜರು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿತ್ತು. ಅದು ಗೊತ್ತಾಗಿದ್ದು ಆಮೇಲೆ.

ಅವತ್ತು ಇಂಜಿನಿಯರ್ ಸಾಹೇಬರು ಹೇಳಿಕೊಟ್ಟ ಪಾಠವೇ ಈ ಲೇಖನ. ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಹಳೆಯ ಸೆಟ್ಟಿನಲ್ಲಿ ಧ್ವನಿ ಕೆಟ್ಟರೆ ವಾಲ್ಯೂಮ್ ಗುಂಡಿಯನ್ನು ಅಪರಾಧಿ ಅನ್ನಬೇಡಿ. ಮೊದಲು ಅದನ್ನು ಸಾಕ್ಷಿಯಾಗಿ ವಿಚಾರಿಸಿ.

ಗುಂಡಿಯ ಹಿಂದೆ ಏನಿದೆ?

ಗುಂಡಿಯ ಹಿಂದಿನ ತಗಡಿನ ಡಬ್ಬಿಗೆ ಪೊಟೆನ್ಷಿಯೋಮೀಟರ್ ಅಂತ ಹೆಸರು. ಅಂಗಡಿಯ ಭಾಷೆಯಲ್ಲಿ ಪಾಟ್. ಒಳಗೆ ಕುದುರೆ ಲಾಳದ ಆಕಾರದ ಒಂದು ಕಾರ್ಬನ್ ಪಟ್ಟಿ, ಅದರ ಮೇಲೆ ಸರಿದಾಡುವ ಒಂದು ಲೋಹದ ನಾಲಿಗೆ. ಪಟ್ಟಿಯ ಒಂದು ತುದಿಗೆ ಧ್ವನಿಯ ಸಂಕೇತ ಬರುತ್ತದೆ, ಇನ್ನೊಂದು ತುದಿ ಅರ್ಥ್‌ಗೆ ಸೇರುತ್ತದೆ. ನಾಲಿಗೆ ಎಲ್ಲಿ ನಿಂತಿದೆಯೋ ಅಷ್ಟು ಪಾಲು ಧ್ವನಿ ಮುಂದಿನ ವಾಲ್ವ್‌ಗೆ ಹೋಗುತ್ತದೆ.

ಅಂದರೆ ಇದು ದಾರಿಯ ನಡುವೆ ನಿಂತ ಗೇಟು. ಇದರ ಹಿಂದೆ ಏರಿಯಲ್‌ನಿಂದ ಡಿಟೆಕ್ಟರ್‌ವರೆಗಿನ ಭಾಗ. ಮುಂದೆ ಆಡಿಯೊ ವಾಲ್ವ್‌ಗಳು ಮತ್ತು ಸ್ಪೀಕರು. ಗೇಟಿನ ಈ ಜಾಗವೇ ನಮಗೆ ಉಪಯೋಗಕ್ಕೆ ಬರುವುದು.

ಗದ್ದಲ ಯಾವ ಕಡೆಯದು?

ಸೆಟ್ಟನ್ನು ಬಿಚ್ಚದೆ, ಮುಚ್ಚಿದ ಹಾಗೆಯೇ ವಾಲ್ಯೂಮನ್ನು ಪೂರ್ತಿ ಸೊನ್ನೆಗೆ ತನ್ನಿ. ಈಗ ಕಿವಿಗೊಡಿ.

ಗುಂಯ್ ಅನ್ನುವ ಸದ್ದು ವಾಲ್ಯೂಮಿನ ಜೊತೆಗೇ ಇಳಿದು ಮಾಯವಾಯಿತೆ? ಹಾಗಾದರೆ ಅದು ಗೇಟಿನ ಹಿಂದಿನಿಂದ ಬರುತ್ತಿದೆ. ಸೊನ್ನೆಗೆ ತಂದರೂ ಅಷ್ಟೇ ಜೋರಾಗಿ ಉಳಿಯಿತೆ? ಹಾಗಾದರೆ ಅದು ಗೇಟಿನ ಮುಂದೆ ಹುಟ್ಟುತ್ತಿದೆ. ಹಳೆಯ ಸೆಟ್ಟುಗಳಲ್ಲಿ ಬಹುಪಾಲು ಇದು ವಿದ್ಯುತ್ ಪೂರೈಕೆಯ ಭಾಗದಲ್ಲಿ ಒಣಗಿಹೋದ ಫಿಲ್ಟರ್ ಕೆಪ್ಯಾಸಿಟರ್‌ಗಳ ಕೆಲಸ. ಇಂಥ ಸೆಟ್ಟಿಗೆ ಹತ್ತು ಹೊಸ ಪಾಟ್ ಹಾಕಿದರೂ ಗುಂಯ್ ನಿಲ್ಲುವುದಿಲ್ಲ.

ಸೊನ್ನೆಯಲ್ಲೂ ಸ್ಟೇಷನ್ನು ಪೂರ್ತಿ ಜೋರಾಗಿ ಕೇಳುತ್ತಿದ್ದರೆ, ಪಾಟ್‌ನ ಅರ್ಥ್ ತುದಿಯ ತಂತಿ ಅಥವಾ ಬೆಸುಗೆ ಬಿಟ್ಟಿರಬಹುದು. ಗೇಟಿದೆ, ಅಗುಳಿಯಿಲ್ಲ. ಒಂದು ಬೆಸುಗೆಯಲ್ಲಿ ಮುಗಿಯುವ ಕೆಲಸ.

ಮರಳಿ ಬರುವ ಕರಕರ

ಬರೀ ಕರಕರ ಆದರೆ ಮೊದಲ ಅನುಮಾನ ಧೂಳು. ಸೆಟ್ಟು ಆರಿಸಿ, ಪ್ಲಗ್ ಕಿತ್ತು, ಪಾಟ್‌ಗೆಂದೇ ಬರುವ ಕಾಂಟ್ಯಾಕ್ಟ್ ಕ್ಲೀನರನ್ನು ಡಬ್ಬಿಯ ಸಂದಿಯಲ್ಲಿ ಒಂದೆರಡು ಸಲ ಮಾತ್ರ ಸಿಂಪಡಿಸಬೇಕು. ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ ಒಣಗಲು ಬಿಡಬೇಕು. ಬಾಗಿಲ ಕೀಲಿಗೆ ಹಾಕುವ ಎಣ್ಣೆ ಬೇಡ, ಅದು ಧೂಳನ್ನು ಇನ್ನಷ್ಟು ಅಂಟಿಸಿಕೊಳ್ಳುತ್ತದೆ. ಡಯಲ್ಲಿನ ಅಕ್ಷರಗಳ ಮೇಲೂ ಟ್ಯೂನಿಂಗ್ ಕಂಡೆನ್ಸರ್ ಮೇಲೂ ಒಂದು ಹನಿ ಬೀಳಕೂಡದು.

ಇಷ್ಟು ಮಾಡಿಯೂ ಕೆಲವೇ ದಿನದಲ್ಲಿ ಕರಕರ ಮರಳಿ ಬಂದರೆ? ಕಾಕಾ ಮನೆಯಲ್ಲಿ ಆಗಿದ್ದು ಇದೇ. ಪಾಟ್‌ನ ಪಟ್ಟಿಯ ಮೇಲೆ ಓಡಾಡಬೇಕಾದ್ದು ಧ್ವನಿಯ ಎಸಿ ಸಂಕೇತ ಮಾತ್ರ. ಡಿಸಿ ವಿದ್ಯುತ್ತನ್ನು ಆಚೆಯೇ ತಡೆದು ನಿಲ್ಲಿಸಲು ಪಕ್ಕದಲ್ಲಿ ಒಂದು ಕೆಪ್ಯಾಸಿಟರ್ ಇರುತ್ತದೆ. ಆ ಕಾಲದವು ಮೇಣ ಹಚ್ಚಿದ ಕಾಗದದವು. ದಶಕಗಳು ಕಳೆದಂತೆ ಅವು ಸೋರತೊಡಗುತ್ತವೆ. ಸೋರಿದ ಡಿಸಿ ಪಟ್ಟಿಯಲ್ಲಿ ಹರಿದಾಗ, ನಾಲಿಗೆಯ ಒಂದೊಂದು ಚಲನೆಯೂ ಒಂದೊಂದು ಸಣ್ಣ ಸಿಡಿತ. ಹೊಸ ಪಾಟ್ ಹಾಕಿದರೆ ಅದಕ್ಕೂ ಅದೇ ಗತಿ. ಸೂರು ಸೋರುವಾಗ ನೆಲ ಒರೆಸಿದ ಹಾಗೆ. ಕೆಲವು ಸೆಟ್ಟುಗಳ ವಿನ್ಯಾಸದಲ್ಲೇ ಡಿಟೆಕ್ಟರಿನ ಡಿಸಿ ಪಾಟ್ ಮೂಲಕ ಹರಿಯುತ್ತದೆ. ಅಲ್ಲಿ ಸ್ವಲ್ಪ ಕರಕರ ಹುಟ್ಟುಗುಣ ಅಂತ ತಿಳಿಯಬೇಕು.

ನಮ್ಮ ಇಂಜಿನಿಯರ್ ಸೋರುತ್ತಿದ್ದ ಕೆಪ್ಯಾಸಿಟರ್ ತೆಗೆದು, ಅಷ್ಟೇ ಮೌಲ್ಯದ 630 ವೋಲ್ಟಿನ ಫಿಲ್ಮ್ ಕೆಪ್ಯಾಸಿಟರ್ ಹಾಕಿದರು. ಕಡಲೆ ಹುರಿಯುವುದು ನಿಂತಿತು. ಮೊದಲೇ ಇಷ್ಟು ಮಾಡಿದ್ದರೆ ಹಳೆಯ ಪಾಟ್ ಉಳಿಯುತ್ತಿತ್ತು.

ಕಾಲು ಸುತ್ತಿಗೇ ಅಬ್ಬರ

ರಿಪೇರಿಯಾಗಿ ಬಂದ ಸೆಟ್ಟುಗಳ ಇನ್ನೊಂದು ದೂರು ಹೀಗಿರುತ್ತದೆ. ಸ್ವಲ್ಪ ತಿರುಗಿಸಿದರೆ ಓಣಿಗೆಲ್ಲ ಕೇಳುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ವ್ಯತ್ಯಾಸವಿಲ್ಲ. ಇಲ್ಲಿ ತಪ್ಪು ಪಾಟ್‌ನ ಜಾತಿಯದು.

ನಮ್ಮ ಕಿವಿಯ ಲೆಕ್ಕ ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಸದ್ದು ಎರಡರಷ್ಟಾಯಿತು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಅದಕ್ಕೇ ವಾಲ್ಯೂಮಿಗೆ ಲಾಗ್ ಪಾಟ್ ಹಾಕುತ್ತಾರೆ. ಅದರಲ್ಲಿ ಗುಂಡಿ ಅರ್ಧಕ್ಕೆ ಬಂದಾಗ ರೋಧ ಒಟ್ಟು ರೋಧದ ಸುಮಾರು 10ರಿಂದ 15 ಶೇಕಡಾ ಮಾತ್ರ. ಅದರ ಜಾಗದಲ್ಲಿ ಲೀನಿಯರ್ ಪಾಟ್ ಹಾಕಿದರೆ ಅರ್ಧಕ್ಕೆ 50 ಶೇಕಡಾ. ಅಬ್ಬರವೆಲ್ಲ ಮೊದಲ ಕಾಲು ಸುತ್ತಿನಲ್ಲೇ ಮುಗಿಯುತ್ತದೆ.

ಲ್ಯಾಮಿಂಗ್ಟನ್ ರಸ್ತೆಯಿರಲಿ, ಪುಣೆಯ ತಪಕೀರ್ ಗಲ್ಲಿಯಿರಲಿ, ಚೆನ್ನೈನ ರಿಚಿ ಸ್ಟ್ರೀಟ್ ಇರಲಿ, ದೆಹಲಿಯ ಲಜಪತ್ ರಾಯ್ ಮಾರ್ಕೆಟ್ ಇರಲಿ, ಪಾಟ್ ಕೊಳ್ಳುವಾಗ ಲಾಗ್ ಬೇಕು ಅಂತ ಬಾಯಿಬಿಟ್ಟು ಕೇಳಿ. ಮೇಲಿನ ಅಕ್ಷರ ಮಾತ್ರ ನಂಬಬೇಡಿ. ಇಂದಿನ ಸಾಮಾನ್ಯ ಗುರುತಿನಲ್ಲಿ 'ಎ' ಅಂದರೆ ಲಾಗ್, 'ಬಿ' ಅಂದರೆ ಲೀನಿಯರ್. ಹಳೆಯ ಯುರೋಪಿನ ಗುರುತಿನಲ್ಲಿ ಇದು ತಿರುಗಾಮುರುಗಾ. ಅಂಗಡಿಯಲ್ಲೇ ಮಲ್ಟಿಮೀಟರ್ ಇಟ್ಟು ನೋಡಿ. 500 ಕಿಲೋ ಓಮ್ ಪಾಟ್ ನಡುಮಧ್ಯದಲ್ಲಿ ಒಂದು ತುದಿಗೆ 50ರಿಂದ 75 ಕಿಲೋ ಓಮ್ ತೋರಿಸಿದರೆ ಲಾಗ್. ಸುಮಾರು 250 ತೋರಿಸಿದರೆ ಲೀನಿಯರ್.

ಒಂದು ದಂಡ, ಎರಡು ಕೆಲಸ

ಈಗ ಆ ದೊಡ್ಡ ನಷ್ಟದ ವಿಷಯ. ಹ್ಯಾಮ್ ರಿಸೀವರಿನಲ್ಲಿ ಸದ್ದನ್ನು ಎರಡು ಜಾಗದಲ್ಲಿ ತಗ್ಗಿಸಬಹುದು. ಎಎಫ್ ಗೇನ್ ನಮಗೆ ಪರಿಚಿತ ವಾಲ್ಯೂಮ್. ಆರ್‌ಎಫ್ ಗೇನ್ ಏರಿಯಲ್ ಕಡೆಯ ವಾಲ್ವ್‌ಗಳ ಬಲವನ್ನೇ ತಗ್ಗಿಸುತ್ತದೆ. ಅನೇಕ ಸೆಟ್ಟುಗಳಲ್ಲಿ ಇವು ಬೇರೆ ಬೇರೆ ಗುಂಡಿ. ಬಿಸಿ-348ರಲ್ಲಿ ಒಂದೇ ದಂಡದ ಮೇಲೆ ಎರಡು ಪಾಟ್. ಪಕ್ಕದ ಸ್ವಿಚ್ಚು ಎವಿಸಿ ಕಡೆಗಿದ್ದರೆ ಗುಂಡಿ ಆಡಿಯೊ ವಾಲ್ಯೂಮ್ ಆಗುತ್ತದೆ. ಎಂವಿಸಿ ಕಡೆಗಿದ್ದರೆ ಅದೇ ಗುಂಡಿ ಆರ್‌ಎಫ್ ಗೇನ್ ಆಗುತ್ತದೆ.

ಇದೇಕೆ ಮುಖ್ಯ? ಇಂದು 7 ಮೆಗಾಹರ್ಟ್ಜ್ ಪಟ್ಟಿಯಲ್ಲಿ ಹ್ಯಾಮ್‌ಗಳು ಮಾತಾಡುವುದು ಹೆಚ್ಚಾಗಿ ಎಸ್‌ಎಸ್‌ಬಿಯಲ್ಲಿ. ಅದರಲ್ಲಿ ವಾಹಕ ತರಂಗವನ್ನು ಕಳಿಸುವುದಿಲ್ಲ. ಕೇಳುವವರ ಸೆಟ್ಟೇ ಬಿಎಫ್ಓ ಎಂಬ ಆಂದೋಲಕದಿಂದ ಅದನ್ನು ಸೇರಿಸಿಕೊಳ್ಳಬೇಕು. ಹಳೆಯ ಸೆಟ್ಟುಗಳ ಬಿಎಫ್ಓ ಬಡಪಾಯಿ. ಬರುವ ಸಂಕೇತ ಅದಕ್ಕಿಂತ ಬಲವಾಗಿದ್ದರೆ ಮಾತು ಬಾತುಕೋಳಿ ಕೂಗಿದಂತಾಗುತ್ತದೆ. ಉಪಾಯ ಇಷ್ಟೇ. ಎವಿಸಿ ಆರಿಸಿ, ಎಎಫ್ ಗೇನ್ ಚೆನ್ನಾಗಿ ಏರಿಸಿ, ಆರ್‌ಎಫ್ ಗೇನನ್ನು ಮಾತು ತಿಳಿಯಾಗುವವರೆಗೆ ಇಳಿಸಿ. ಇನ್ನು ಮುಂದೆ ಸದ್ದು ಹೆಚ್ಚು ಕಡಿಮೆ ಮಾಡುವುದು ಆರ್‌ಎಫ್ ಗೇನ್‌ನಿಂದಲೇ. ಹೆಡ್‌ಫೋನ್ ಹಾಕಿದ್ದರೆ ಜೋಪಾನ, ಎವಿಸಿ ಇಲ್ಲದಾಗ ಬಲವಾದ ಸ್ಟೇಷನ್ನು ಒಮ್ಮೆಲೇ ಕಿವಿಗೆ ಅಪ್ಪಳಿಸುತ್ತದೆ.

ಅಂಗಡಿಯವರು ಜೋಡಿ ಪಾಟ್ ತೆಗೆದು ಒಂಟಿ ಪಾಟ್ ಹಾಕಿದ್ದರು. ಆರ್‌ಎಫ್ ಗೇನಿನ ಜಾಗದಲ್ಲಿ ಒಂದು ತಂತಿ ಜೋಡಿಸಿದ್ದರು. ಸೆಟ್ಟು ಯಾವಾಗಲೂ ಪೂರ್ತಿ ಬಲದಲ್ಲಿ. ಕಾಕಾ ಅವರಿಗೆ ಹತ್ತಿರದ ಹ್ಯಾಮ್‌ಗಳ ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ಕಿವಿಗೆ ವಯಸ್ಸಾಯಿತು ಅಂತ ಅವರು ನಿರ್ಧಾರ ಮಾಡಿ, ಸೆಟ್ಟಿಗೆ ಬಟ್ಟೆ ಹೊದಿಸಿಯೂ ಬಿಟ್ಟಿದ್ದರು. ಹಳೆಯ ಪಾಟ್ ಕೇಳಲು ಅಂಗಡಿಗೆ ಹೋದೆವು. ಗುಜರಿಗೆ ಹೋಗಿತ್ತು. ಅವರನ್ನು ಬಯ್ದು ಫಲವಿಲ್ಲ, ಮನೆಯ ರೇಡಿಯೊದಲ್ಲಿ ಇರುವುದು ಒಂದೇ ಪಾಟ್, ಅವರು ನೋಡಿದ್ದೂ ಅದನ್ನೇ.

ಮುಟ್ಟುವ ಮೊದಲು

ಓದಿ ಹುರುಪು ಬಂದಿದ್ದರೆ ಇದನ್ನೂ ಓದಿ. ವಾಲ್ವ್ ಸೆಟ್ಟಿನೊಳಗೆ 200 ವೋಲ್ಟಿಗೂ ಮೀರಿದ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪ್ಯಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ಅದನ್ನು ಬರಿದು ಮಾಡಿ, ಮೀಟರಿನಲ್ಲಿ ನೋಡಿಯೇ ಕೈ ಹಾಕಬೇಕು. ಅಭ್ಯಾಸವಿಲ್ಲದವರು ಬಿಚ್ಚಬೇಡಿ, ಬಲ್ಲವರನ್ನು ಕರೆಯಿರಿ.

ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟುಗಳು ಇನ್ನೂ ಅಪಾಯ. 1946ರಲ್ಲಿ ಬಂದ ಹ್ಯಾಲಿಕ್ರಾಫ್ಟರ್ಸ್ ಎಸ್-38 ಈ ಜಾತಿಯದು. ಇಂಥವುಗಳ ಚಾಸಿಗೆ ನೇರ ಮೇನ್ಸ್ ಕರೆಂಟು ಬರಬಹುದು. ಗುಂಡಿ ಕಳೆದುಹೋಗಿ ಬರೀ ಲೋಹದ ದಂಡ ಉಳಿದಿದ್ದರೆ ಬೆರಳಿನಿಂದ ತಿರುಗಿಸಲೇಬೇಡಿ. ಅಮೆರಿಕದ ಸೆಟ್ಟಿಗೆ ವೋಲ್ಟೇಜ್ ಇಳಿಸುವಾಗ ಐಸೊಲೇಷನ್ ಇರುವ ಟ್ರಾನ್ಸ್‌ಫಾರ್ಮರನ್ನೇ ಕೇಳಿ. ಆಟೋ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ರಕ್ಷಣೆ ಕೊಡುವುದಿಲ್ಲ.

ಬಿಚ್ಚುವ ಮೊದಲು ತಂತಿಗಳ ಫೋಟೋ ತೆಗೆಯಿರಿ. ತೆಗೆದ ಭಾಗವನ್ನು, ಕೆಟ್ಟದ್ದಾದರೂ ಸರಿ, ಒಂದು ಡಬ್ಬಿಯಲ್ಲಿ ಹಾಕಿಡಿ. ಅಂಗಡಿಗೆ ಕೊಟ್ಟರೂ ಹಳೆಯದನ್ನು ವಾಪಸ್ ಕೊಡಿ ಅಂತ ಮೊದಲೇ ಹೇಳಿ.

ಕಾಕಾ ಅವರ ಸೆಟ್ಟಿಗೆ ನಮ್ಮ ಇಂಜಿನಿಯರ್ ಬೇರೆ ಪಾಟ್ ತಂದು ಹಿಂಭಾಗದಲ್ಲಿ ಆರ್‌ಎಫ್ ಗೇನ್ ಕೂರಿಸಿದರು. ಮುಂಭಾಗಕ್ಕೆ ತೂತು ಕೊರೆಯಲಿಲ್ಲ. ಮುಂದೆ ಜೋಡಿ ಪಾಟ್ ಸಿಕ್ಕರೆ ಅದರ ಜಾಗ ಹಾಗೇ ಇರಲಿ ಅಂತ. ಭಾನುವಾರ ಬೆಳಿಗ್ಗೆ ಕಾಕಾ ಕೈಯನ್ನು ಸೆಟ್ಟಿನ ಹಿಂದಕ್ಕೆ ಚಾಚಿ ಮೆಲ್ಲಗೆ ತಿರುಗಿಸಿದರು. ಬಾತುಕೋಳಿಯ ದನಿ ನಿಧಾನವಾಗಿ ಮನುಷ್ಯರ ಮಾತಾಯಿತು. ಯಾರೋ ಇಬ್ಬರು ಅಲ್ಲಿಯ ಮಳೆಯ ಬಗ್ಗೆ ಕನ್ನಡದಲ್ಲಿ ಮಾತಾಡುತ್ತಿದ್ದರು.

"ಕಿವಿ ಸರಿ ಅದಾವ ಬಿಡು ತಂಗೀ," ಅಂದರು ಕಾಕಾ.

ನಿಮ್ಮ ಮನೆಯಲ್ಲೂ ಬಟ್ಟೆ ಹೊದ್ದು ಕೂತ ಸೆಟ್ಟಿದ್ದರೆ ನಮಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ ಕೇಳ್ತಾ ಇರಿ.