ಅಳೆಯುವ ಬಳ್ಳವೂ ಸಂಶೋಧನದ ವೆಚ್ಚವೂ

ಕಣಜದಲ್ಲಿ ಹೋದ ವರ್ಷ ಎಷ್ಟು ಬತ್ತವಿದ್ದಿತು, ಈ ವರ್ಷ ಎಷ್ಟಿರುವುದು ಎಂದು ಹೋಲಿಸಿ ನೋಡುವ ಗೃಹಿಣಿಯು ಎರಡು ಸಲವೂ ಒಂದೇ ಬಳ್ಳದಿಂದ ಅಳೆಯುವಳಷ್ಟೆ. ಬಳ್ಳವು ಚಿಕ್ಕದಾದರೆ ಬತ್ತವು ಹೆಚ್ಚದೆಯೇ ಲೆಕ್ಕವು ಹೆಚ್ಚುವುದು. ದೊಡ್ಡ ರಾಜ್ಯಗಳೂ ಈ ತೊಡಕಿಗೆ ಸಿಲುಕುವುದುಂಟು. ಬ್ರಿಟನ್ನಿನಲ್ಲಿ ನಡೆದ ಅಂತಹ ಒಂದು ವೃತ್ತಾಂತವನ್ನು ನಮ್ಮ ವಾಚಕರ ಮುಂದಿಡುತ್ತೇವೆ.

ಹೊಸ ಜ್ಞಾನವನ್ನು ಸಂಪಾದಿಸುವುದಕ್ಕಾಗಿ ರಾಷ್ಟ್ರವು ಎಷ್ಟು ಹಣವನ್ನು ವ್ಯಯಮಾಡುತ್ತದೆಂದು ಎಣಿಸಬೇಕಾದರೆ, ಯಾವುದು ಸಂಶೋಧನ, ಯಾವುದು ಅಲ್ಲ ಎಂಬುದು ಮೊದಲು ನಿಶ್ಚಯವಾಗಬೇಕು. ವೈದ್ಯನು ಗೊತ್ತಾದ ಔಷಧವನ್ನು ಕೊಟ್ಟರೆ ಅದು ಚಿಕಿತ್ಸೆ. ಗುಣವು ಇನ್ನೂ ತಿಳಿಯದ ಔಷಧವನ್ನು ಕ್ರಮವರಿತು ಪರೀಕ್ಷಿಸಿದರೆ ಅದು ಸಂಶೋಧನ. ಇಂತಹ ಭೇದಗಳನ್ನು ನಿರ್ಣಯಿಸುವುದಕ್ಕಾಗಿ 1963ರಲ್ಲಿ ಹಲವು ದೇಶಗಳ ಗಣಕರು ಇಟಲಿಯ ಫ್ರಾಸ್ಕಾತಿ ಎಂಬ ಊರಿನಲ್ಲಿ ಸಭೆ ಸೇರಿದರು. ಅಲ್ಲಿ ಹುಟ್ಟಿದ ಕೈಪಿಡಿಗೆ ಆ ಊರಿನ ಹೆಸರೇ ನಿಂತಿತು. ಅದರ ಏಳನೆಯ ಆವೃತ್ತಿಯು 2015ರಲ್ಲಿ ಹೊರಬಂದಿತು.

ಕೈಪಿಡಿಯೊಂದಿದ್ದರೆ ಸಾಲದು. ಬ್ರಿಟನ್ನಿನ ಸರ್ಕಾರವು, 2027ರೊಳಗಾಗಿ ದೇಶದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ 2.4 ಭಾಗವು ಸಂಶೋಧನಕ್ಕೆ ಸಲ್ಲಬೇಕೆಂದು 2017ರಲ್ಲಿ ಸಂಕಲ್ಪಿಸಿತು. ಅಲ್ಲಿಯ ಅಂಕಿ ಅಂಶಗಳ ಕಚೇರಿಯು ಕಂಪೆನಿಗಳಿಗೆ ಪ್ರಶ್ನಾವಳಿಗಳನ್ನು ಕಳುಹಿಸಿ, ಬಂದ ಉತ್ತರಗಳಿಂದ ಲೆಕ್ಕ ಹಾಕುತ್ತಿದ್ದಿತು. 2020ರಲ್ಲಿ ಕಂಪೆನಿಗಳ ಸಂಶೋಧನವೆಚ್ಚವು 2,690 ಕೋಟಿ ಪೌಂಡುಗಳೆಂದಾಯಿತು. ಆದರೆ ತೆರಿಗೆಯ ರಿಯಾಯಿತಿಯನ್ನು ಬೇಡುವಾಗ ಅವೇ ಕಂಪೆನಿಗಳ ವರ್ಗವು ತೋರಿಸುತ್ತಿದ್ದ ವೆಚ್ಚವು ಇದಕ್ಕಿಂತ ಎಷ್ಟೋ ಹೆಚ್ಚಾಗಿದ್ದಿತು! ರಿಯಾಯಿತಿಯ ಆಸೆಯಿಂದ ವೆಚ್ಚವನ್ನು ಹಿಗ್ಗಿಸುತ್ತಿದ್ದರೋ, ಅಥವಾ ಎಣಿಸುವವರೇ ಎಣಿಕೆಯಲ್ಲಿ ತಪ್ಪಿದ್ದರೋ?

ಸಣ್ಣ ಕಂಪೆನಿಗಳು ತಮ್ಮ ಎಣಿಕೆಯಲ್ಲಿ ಸಾಕಷ್ಟು ಸೇರಿರಲಿಲ್ಲವೆಂದು 2022ರಲ್ಲಿ ಕಚೇರಿಯೇ ಒಪ್ಪಿಕೊಂಡು, 2020ರ ಮೊತ್ತವನ್ನು 4,300 ಕೋಟಿಗೆ ಏರಿಸಿತು. ಒಂದು ಪ್ರಯೋಗಶಾಲೆಯೂ ಹೊಸದಾಗಿ ಕಟ್ಟಲ್ಪಡದೆ 1,610 ಕೋಟಿ ಪೌಂಡುಗಳು ಕಾಗದದ ಮೇಲೆ ಹುಟ್ಟಿದವು. 2027ರ ಗುರಿಯನ್ನು ಆಗಲೇ ದಾಟಿದಂತಾಯಿತು. ಸಂಶೋಧನವೆಂಬ ಶಬ್ದಕ್ಕೆ ಶುದ್ಧಿಗೊಳಿಸುವುದೆಂಬುದೇ ಮೂಲಾರ್ಥ. ಇಲ್ಲಿ ಶುದ್ಧಿಯಾದುದು ಲೆಕ್ಕವೇ. ಆ ಶುದ್ಧಿಯಾದರೂ ಆಗ 2018ರಿಂದೀಚಿನ ವರ್ಷಗಳಿಗೆ ಮಾತ್ರ ನಡೆಯಿತು. ಆದಕಾರಣ ತಿದ್ದದ 2017ರ ಅಂಕಿಯನ್ನು ತಿದ್ದಿದ 2018ರ ಅಂಕಿಯ ಪಕ್ಕದಲ್ಲಿಟ್ಟವರಿಗೆ, ನಡೆಯದೆಯೇ ಇದ್ದ ಮಹಾ ಪ್ರಗತಿಯೊಂದು ಗೋಚರಿಸುವುದು.

ನಮ್ಮ ದೇಶದ ಅಂಕಿಗಳನ್ನು ಓದುವಾಗ ಎಚ್ಚರವು ಬೇರೊಂದು ಕಡೆಗೂ ಬೇಕು. ಭಾರತದ ಒಟ್ಟು ಸಂಶೋಧನವೆಚ್ಚವು 2010-11ರಲ್ಲಿ ಸುಮಾರು 60,197 ಕೋಟಿ ರೂಪಾಯಿಗಳಿದ್ದುದು 2020-21ರಲ್ಲಿ ಸುಮಾರು 1,27,381 ಕೋಟಿಗಳಾಯಿತು. ಇಮ್ಮಡಿಗಿಂತ ಹೆಚ್ಚೆಂದು ಹಿಗ್ಗುವ ಮುನ್ನ, ಆ ಹತ್ತು ವರ್ಷಗಳಲ್ಲಿ ಬೇಳೆಯ ಬೆಲೆಯೂ ಬಾಡಿಗೆಯೂ ಎಷ್ಟೇರಿದವೆಂಬುದನ್ನು ನಮ್ಮ ಸೋದರಿಯರು ತಮ್ಮ ಖರ್ಚಿನ ಪುಸ್ತಕವನ್ನು ತೆರೆದು ನೋಡಬಹುದು. ರೂಪಾಯಿಯೆಂಬ ಬಳ್ಳವೂ ವರ್ಷವರ್ಷಕ್ಕೆ ಕಿರಿದಾಗುತ್ತಿರುವುದಷ್ಟೆ. 2020-21ರಲ್ಲಿ ದೇಶದ ಉತ್ಪನ್ನದ ಪ್ರತಿ ನೂರು ರೂಪಾಯಿಯಲ್ಲಿ ಸಂಶೋಧನಕ್ಕೆ ಸಂದುದು 64 ಪೈಸೆ.